ಸರ್ವರ್ ಸ್ಥಳಾಂತರ ಮತ್ತು ಏಳನೆಯ ಸ್ಕ್ರೂ

"ನಾಳೆ ಮಧ್ಯಾಹ್ನದ ಊಟದ ಹೊತ್ತಿಗೆ ನಮ್ಮ ಮನೆ ಸರ್ವರ್ ಹೊಸ ಹಾರ್ಡ್ ಡಿಸ್ಕ್ ಮೇಲೆ ಓಡ್ತಾ ಇರುತ್ತೆ. ಹೊರಗಿನ ಒಂದು ನರಪಿಳ್ಳೆಯ ಸಹಾಯವೂ ಇಲ್ಲದೆ!" ಎಂದು ಬುಧವಾರ ಸಂಜೆ ಕಾಫಿ ಲೋಟವನ್ನು ವಿಜಯದ ಕಪ್ಪಿನಂತೆ ಮೇಲೆತ್ತಿ ಘೋಷಿಸಿದೆ.

ಹೆಂಡತಿ ತಲೆ ಎತ್ತಲಿಲ್ಲ. "ಶುಕ್ರವಾರ ಆದ್ಮೇಲೆ ಮಾಡಿ."

"ಶುಕ್ರವಾರದ ತನಕ ಅದು ಬದುಕಿರ್ಬೇಕಲ್ಲ? ಡಿಸ್ಕ್ ನರಳ್ತಾ ಇದೆ ಕಣೇ!"

"ನರಳ್ತಾ ಇದ್ರೆ ಮುಟ್ಟಬೇಡಿ. ನೀವು ಸೊಂಟ ಹಿಡ್ಕೊಂಡು ನರಳಿದಾಗ ನಾನು ಸ್ಕ್ರೂಡ್ರೈವರ್ ತಗೊಂಡು ಬಂದ್ನಾ?"

ಐವತ್ತು ದಾಟಿದವರಿಗೆ ಡಿಸ್ಕ್ ತೊಂದರೆ ಸಹಜ. ಆದರೆ ನನಗೆ ಸೊಂಟದಲ್ಲಿ ಒಂದು, ಮೆಟ್ಟಿಲ ಕೆಳಗಿನ ಕಪಾಟಿನಲ್ಲಿ ಎರಡು!

ಗೊತ್ತಿಲ್ಲದವರಿಗೆ ಹೇಳುತ್ತೇನೆ. ಹೋಟೆಲಿನ ಸರ್ವರ್ ನಾವು ಕೇಳಿದ್ದನ್ನು ತಂದುಕೊಡುತ್ತಾನೆ. ಮನೆಯ ಸರ್ವರ್ ಕೂಡ ಅಷ್ಟೇ, ನಾವು ಇಟ್ಟದ್ದನ್ನು ಕೇಳಿದಾಗ ತಂದುಕೊಡುವ ಒಂದು ಕಂಪ್ಯೂಟರ್. ನಮ್ಮ ಮನೆಯ ಫೋಟೋ, ಪತ್ರ, ಹೊತ್ತು ಹೊತ್ತಿಗೆ ಗೋಡೆಯ ಸ್ಪೀಕರು ಕೂಗಿ ನೆನಪಿಸುವ ಕೆಲಸಗಳ ಪಟ್ಟಿ ಎಲ್ಲವೂ ಅದರೊಳಗೆ. ಎಲ್ಲಕ್ಕಿಂತ ಮುಖ್ಯವಾಗಿ, ನನ್ನ ಹೆಂಡತಿಯ ನಕ್ಷೆ.

ನನ್ನ ಹೆಂಡತಿ ನೀರು ಸರಬರಾಜು ಇಲಾಖೆಯ ಇಂಜಿನಿಯರ್. ನಮ್ಮ ಊರಿನ ನೆಲದ ಕೆಳಗೆ ಎಲ್ಲೆಲ್ಲಿ ವಾಲ್ವ್ ಇದೆ ಎಂಬುದು ಯಾರಿಗೂ ಗೊತ್ತಿರಲಿಲ್ಲ. ಇಲ್ಲಿ ಪೈಪು ಒಡೆದರೆ ಅಂದಾಜಿನ ಮೇಲೆ ಅಲ್ಲೊಂದು ವಾಲ್ವ್ ತಿರುಗಿಸುತ್ತಿದ್ದರು. ಇಲ್ಲಿನ ಕಾರಂಜಿ ನಿಲ್ಲುತ್ತಿರಲಿಲ್ಲ, ಆದರೆ ಮೂರು ಬೀದಿಯಾಚೆ ಕ್ಷೌರದಂಗಡಿಯಲ್ಲಿ ಮುಖದ ತುಂಬ ನೊರೆ ಹಚ್ಚಿಸಿಕೊಂಡು ಕೂತವನ ಪಾಡು ನೊರೆಪಾಡಾಗುತ್ತಿತ್ತು. ಈ ಅಂಧಕಾರ ನೀಗಿಸಲು ನನ್ನಾಕೆ ಮೂರು ವರ್ಷ ಊರೆಲ್ಲ ನಡೆದಳು. ಕಬ್ಬಿಣದ ಮುಚ್ಚಳ ಎತ್ತಿದಳು, ಬಗ್ಗಿ ನೋಡಿದಳು, ಬರೆದುಕೊಂಡಳು. ಎರಡು ಸಲ ಗುಂಡಿಗೆ ಬಿದ್ದಳು. ಒಂದು ನಾಯಿಯೂ ನಾಲ್ಕು ಮಂದಿ ವಕೀಲರೂ ಅವಳನ್ನು ಅಟ್ಟಿಸಿಕೊಂಡು ಬಂದದ್ದುಂಟು. ಒಟ್ಟು ನಾಲ್ಕು ಸಾವಿರದ ಮುನ್ನೂರ ಹದಿನಾರು ವಾಲ್ವ್. ಶುಕ್ರವಾರ ಬೆಳಿಗ್ಗೆ ಹತ್ತಕ್ಕೆ ಆ ನಕ್ಷೆಯನ್ನು ಇಲಾಖೆಗೆ ಒಪ್ಪಿಸಬೇಕಿತ್ತು.

"ಅದನ್ನ ಆಫೀಸ್ ಕಂಪ್ಯೂಟರಲ್ಲಿ ಇಡಬೇಡ, ನಮ್ಮ ಸರ್ವರಲ್ಲಿಡು. ಎರಡೆರಡು ಡಿಸ್ಕ್ ಇದೆ, ಒಂದು ಹೋದ್ರೆ ಇನ್ನೊಂದು!" ಎಂದು ಮೂರು ವರ್ಷದ ಹಿಂದೆ ಎದೆ ತಟ್ಟಿ ಹೇಳಿದವನು ಯಾರು? ಬೇರೆ ಯಾರು!

ಬುಧವಾರ ಸಂಜೆಯ ಚರ್ಚೆ ಕೊನೆಗೆ ಹೀಗೆ ಮುಗಿಯಿತು. "ಮಾಡಿ. ಆದ್ರೆ ನಕ್ಷೆಯ ಒಂದು ಗೆರೆ ಹೋದ್ರೂ..."

"ಹೋದ್ರೆ?"

"ನಿಮ್ಮನ್ನ ವಾಲ್ವ್ ಗುಂಡಿಗಿಳಿಸಿ ಮುಚ್ಚಳ ಹಾಕ್ತೀನಿ. ಯಾವ ಗುಂಡಿ ಅಂತ ನಕ್ಷೆಯಲ್ಲಿ ಗುರುತೂ ಹಾಕಲ್ಲ."

ಗುರುವಾರ ರಜೆ ಹಾಕಿದೆ. ಹೆಂಡತಿ ಕೆಲಸಕ್ಕೆ ಹೋದ ಕೂಡಲೇ ಅಂಗಿಯ ತೋಳು ಮಡಚಿ, ಟಾರ್ಚನ್ನು ಬಾಯಲ್ಲಿ ಕಚ್ಚಿಕೊಂಡು, ಮೆಟ್ಟಿಲ ಕೆಳಗಿನ ಗರ್ಭಗುಡಿಯನ್ನು ಪ್ರವೇಶಿಸಿದೆ. ಸರ್ವರಿನ ಹೊಟ್ಟೆ ಬಿಚ್ಚಿದರೆ ಅಕ್ಕಪಕ್ಕ ಎರಡು ಡಿಸ್ಕ್, ಎಡದ್ದೊಂದು, ಬಲದ್ದೊಂದು. ಎರಡೂ ಒಂದಕ್ಕೊಂದು ಕನ್ನಡಿ. ಒಂದರಲ್ಲಿ ಬರೆದದ್ದೆಲ್ಲ ಇನ್ನೊಂದರಲ್ಲೂ ತಾನಾಗಿ ಬರೆಯಲ್ಪಡುವ ಏರ್ಪಾಡು. ಅವಳಿಗಳಲ್ಲವೇ? ಒಬ್ಬನ ಅಳತೆ ತೆಗೆದರೆ ಇಬ್ಬರಿಗೂ ಅಂಗಿ ಹೊಲಿಯಬಹುದಲ್ಲವೇ? ಹೀಗೆಂದುಕೊಂಡು ಬಲಗಡೆಯದನ್ನು ಕಿತ್ತು ಪಕ್ಕಕ್ಕಿಟ್ಟೆ. ಎಡಗಡೆಯದರಿಂದ ಇಡೀ ವ್ಯವಸ್ಥೆಯನ್ನು ಎರಡು ಹೊಸ ಡಿಸ್ಕುಗಳಿಗೆ ನಕಲು ಮಾಡಿದೆ. ಎಡವಿದ್ದು ಇಲ್ಲೇ, ಎಡದಲ್ಲೇ! ಆದರೆ ಅದು ಆಗ ಗೊತ್ತಾಗಬೇಕಲ್ಲ?

ಎರಡು ಗಂಟೆಯ ನಂತರ ಗುಂಡಿ ಒತ್ತಿದೆ. ಹಸಿರು ದೀಪ! ಕಾನ್ವೆಂಟಿನಲ್ಲಿ ನಮಗೆ ಗಣಿತ ಹೇಳಿಕೊಡುತ್ತಿದ್ದ ಸಿಸ್ಟರ್ ನನಗೆ "ನೀನು ಒಂದು ಕೆಲಸ ಪೂರ್ತಿ ಮಾಡಿದ ದಿನ ನಾನು ಗಂಟೆ ಹೊಡೆಸ್ತೀನಿ" ಎನ್ನುತ್ತಿದ್ದರು. ಆ ಸಿಸ್ಟರ್ ಈ ಸಿಸ್ಟಮ್ ನೋಡಬೇಕಿತ್ತು!

ಸಿಸ್ಟರ್ ಬರಲಿಲ್ಲ, ಮಾವ ಬಂದರು.

ನಮ್ಮ ಜೊತೆಗೇ ಇರುವ ಮಾವನವರು ನೋಂದಣಿ ಕಚೇರಿಯಲ್ಲಿ ಮೂವತ್ತೆಂಟು ವರ್ಷ ಗುಮಾಸ್ತರಾಗಿದ್ದು ನಿವೃತ್ತರಾದವರು. ಕಚೇರಿ ಅವರನ್ನು ಬಿಟ್ಟಿದೆ, ಅವರು ಕಚೇರಿಯನ್ನು ಬಿಟ್ಟಿಲ್ಲ. ಔಷಧಿ ಬಾಟಲಿಯ ಮೇಲೆ 'ಕುಲುಕಿ ಕುಡಿಯಿರಿ' ಎಂದಿದ್ದರೆ ತಾವೂ ಸ್ವಲ್ಪ ಕುಲುಕಿಯೇ ಕುಡಿಯುವವರು.

"ಅಳಿಯಂದಿರೇ, ಇದರೊಳಗೆ ಭಾರಿ ಅಯಸ್ಕಾಂತ ಇರುತ್ತಂತೆ?" ಎಂದು ಬಲಗಡೆಯ ಡಿಸ್ಕನ್ನು ತಿರುಗಿಸಿ ನೋಡಿದರು. "ನನ್ನ ಕೋಣೆ ಕಿಟಕಿ ಬಾಗಿಲು ಗಾಳಿಗೆ ಪಟಪಟ ಹೊಡ್ಕೊಳ್ಳುತ್ತೆ. ಎರಡು ಅಯಸ್ಕಾಂತ ಅಂಟಿಸಿದ್ರೆ ನಿಲ್ಲುತ್ತೆ."

"ತಗೊಳ್ಳಿ ಮಾವ! ಅದು ಇನ್ನು ನನಗೆ ಬೇಡ." ಗೆದ್ದ ರಾಜ ಹಳ್ಳಿ ಉಂಬಳಿ ಕೊಟ್ಟಂತೆ ಕೊಟ್ಟೆ.

"ಬಾಯಿಮಾತಿಗೆ ಬೆಲೆ ಇಲ್ಲ. ಬರೆದುಕೊಡಿ."

ಬರೆದುಕೊಟ್ಟೆ. 'ಸದರಿ ಡಿಸ್ಕ್ ನಿರುಪಯುಕ್ತವಾಗಿದ್ದು, ಅದರೊಳಗಿನ ಅಯಸ್ಕಾಂತಗಳನ್ನು ತೆಗೆದುಕೊಳ್ಳಲು ಅನುಮತಿಸಲಾಗಿದೆ.' ಕೆಳಗೆ ನನ್ನ ಸಹಿ, ತಾರೀಕು. ನನ್ನ ಮರಣದಂಡನೆಗೆ ನಾನೇ ಅಷ್ಟು ಅಂದವಾದ ಅಕ್ಷರದಲ್ಲಿ ಸಹಿ ಹಾಕಿದ್ದೆ!

ಅಷ್ಟರಲ್ಲಿ ಗೋಡೆಯ ಸ್ಪೀಕರು ಕೆಮ್ಮಿ, ನನ್ನದೇ ದನಿಯಲ್ಲಿ ಸಾರಿತು: "ಮಾವನವರಿಗೆ ಎಡಗಣ್ಣಿಗೆ ಎರಡು ಹನಿ ಹಾಕುವ ಸಮಯ."

ಮಾವ ಡಿಸ್ಕನ್ನು ಎದೆಯ ಮೇಲಿಟ್ಟುಕೊಂಡು ಸೋಫಾದ ಮೇಲೆ ಅಂಗಾತ ಮಲಗಿಬಿಟ್ಟರು. ಎಡಗಣ್ಣು ಅಗಲಿಸಿ, "ಹಾಕಿ" ಎಂದರು.

"ಮಾವ, ನಿಮ್ಮ ಕಣ್ಣಿನ ಆಪರೇಷನ್ ಆಗಿ ಮೂರು ವರ್ಷ ಆಯ್ತು!"

"ಅದು ನನಗೂ ಗೊತ್ತು. ಆದ್ರೆ ಆದೇಶ ಬಂದಿದೆಯಲ್ಲ?"

"ಹನಿ ಇಲ್ಲ ಮನೇಲಿ."

"ಹಾಗಾದ್ರೆ ದಾಸ್ತಾನು ಇಲ್ಲ ಅಂತ ಎಲ್ಲಾದ್ರೂ ಬರೆದಿಡಿ" ಎಂದು ಎದ್ದು, ಡಿಸ್ಕನ್ನು ಕರವಸ್ತ್ರದಲ್ಲಿ ಸುತ್ತಿಕೊಂಡು ಬೀಗ ರಿಪೇರಿ ಅಂಗಡಿಗೆ ಹೊರಟರು. ಅದರ ಸ್ಕ್ರೂಗಳು ನಕ್ಷತ್ರದ ಆಕಾರದವು. ಅಂಥ ಸ್ಕ್ರೂಡ್ರೈವರ್ ಇದ್ದದ್ದು ಆ ಅಂಗಡಿಯವನಲ್ಲಿ ಮಾತ್ರ.

ಬುದ್ಧಿ ಇದ್ದವನಾದರೆ ಆಗಲೇ ಅನುಮಾನಪಡುತ್ತಿದ್ದ. ನನಗೆ ಹೆಮ್ಮೆಯಾಯಿತು. ಹೊಸ ಡಿಸ್ಕಿಗೆ ಎಂಥ ನೆನಪಿನ ಶಕ್ತಿ, ಮೂರು ವರ್ಷದ ಹಿಂದಿನ ಕಣ್ಣಹನಿಯನ್ನೂ ಮರೆತಿಲ್ಲವಲ್ಲ! ನಡುಮನೆಯ ಫೋಟೋ ಚೌಕಟ್ಟಿನತ್ತ ನೋಡಿದೆ. ಅದು ಸರ್ವರಿನಿಂದ ಇತ್ತೀಚಿನ ಚಿತ್ರಗಳನ್ನು ತೋರಿಸುವ ಚೌಕಟ್ಟು. ಅದರಲ್ಲಿ ನಾನಿದ್ದೆ. ನನ್ನ ತಲೆಯ ಮೇಲೆ ಕೂದಲೂ ಇತ್ತು! ಡಿಸ್ಕ್ ಬದಲಿಸಿದರೆ ಕೂದಲು ಕೂಡ ವಾಪಸ್ ಬರುತ್ತದೆಂದು ಯಾವ ಜಾಹೀರಾತೂ ಹೇಳಿರಲಿಲ್ಲ.

ಗಂಟೆ ಹನ್ನೆರಡಕ್ಕೆ ಬಾಗಿಲು ತಟ್ಟಿದ ಸದ್ದು. ಎದುರುಮನೆಯ ದರ್ಜಿ, ಕೈಯಲ್ಲಿ ಬುಟ್ಟಿ.

"ಸಿಕ್ತು ಸಾರ್!"

"ಏನು ಸಿಕ್ತು?"

"ನಿಮ್ಮ ಬೆಕ್ಕು!" ಎಂದು ಬುಟ್ಟಿಯ ಮುಚ್ಚಳ ತೆಗೆದ. ಒಳಗೆ ಒಂದು ಬಿಳಿ ಬೆಕ್ಕು, ಅಪಹರಣಕ್ಕೊಳಗಾದ ಮಂತ್ರಿಯ ಮುಖಭಾವದಲ್ಲಿ ಕೂತಿತ್ತು.

"ನಮ್ಮ ಬೆಕ್ಕು ಬೂದು ಬಣ್ಣದ್ದು ಮಾರಾಯ. ಅಲ್ಲಿ ಫ್ರಿಜ್ ಮೇಲೆ ಮಲಗಿದೆ ನೋಡು."

"ಮತ್ತೆ ಕಾಣೆಯಾಗಿದೆ ಅಂತ ಬೀದಿಗೆಲ್ಲ ಸಂದೇಶ ಕಳಿಸಿದ್ದೀರಿ? ಅಂಗಡಿ ಮುಚ್ಚಿ, ಗೋಡೆ ಹತ್ತಿ ಹಿಡಿದಿದ್ದೀನಿ ಸಾರ್. ಮೊಣಕಾಲು ನೋಡಿ!"

ಅವನ ಮೊಣಕಾಲು ನೋಡುತ್ತಿರುವಾಗಲೇ ವ್ಯಾಯಾಮದ ಮೇಷ್ಟರು ಒಂದು ಕಪ್ಪು ಮರಿಯೊಡನೆ ಬಂದರು. ಅವರ ಹಿಂದೆಯೇ ಮೂಲೆಮನೆಯ ಅಜ್ಜಿ, ಕಂಕುಳಲ್ಲಿ ಒಂದು ಗಡವ ಬೆಕ್ಕು. ಇದು ನಮ್ಮದಲ್ಲ ಎಂದರೆ ಅಜ್ಜಿ ಕೇಳಬೇಕಲ್ಲ! "ಕಳ್ಕೊಂಡವರು ನೀವು, ಇಟ್ಕೊಳ್ಳೋದೂ ನೀವೇ. ನಾನು ಇದನ್ನ ಹೊತ್ಕೊಂಡು ಮತ್ತೆ ಅಷ್ಟು ದೂರ ಹೋಗಲ್ಲಪ್ಪ" ಎಂದು ಬೆಕ್ಕನ್ನು ಸೋಫಾಕ್ಕೆ ಎಸೆದು ನಡೆದೇಬಿಟ್ಟರು. ಕೊನೆಗೆ ಅಪರಿಚಿತನೊಬ್ಬ ಒಂದು ಮೊಲವನ್ನು ನನ್ನ ತೋಳಿಗಿಟ್ಟ.

"ಇದು ಮೊಲ ಅಲ್ವೇನ್ರೀ?"

"ಬಾಲದ ತುದಿ ಬಿಳಿ ಅಂತ ತಾನೇ ಬರೆದಿದ್ರಿ?" ಎಂದು ಅವನೇ ನನ್ನ ಮೇಲೆ ಸಿಟ್ಟಾಗಿ ಹೊರಟುಹೋದ.

ಆಗ ನೆನಪಾಯಿತು. ಮೂರು ವರ್ಷದ ಹಿಂದೆ ನಮ್ಮ ಬೆಕ್ಕು ಅರ್ಧ ದಿನ ಕಾಣೆಯಾಗಿತ್ತು. ಬೀದಿಗೆಲ್ಲ ಕಳಿಸಲೆಂದು ಸರ್ವರಿನಲ್ಲಿ ಸಂದೇಶ ಬರೆದಿಟ್ಟಿದ್ದೆ. ಅದು ಹೊರಡುವ ಮುನ್ನವೇ ಬೆಕ್ಕು ಬಟ್ಟೆ ಒಗೆಯುವ ಯಂತ್ರದಿಂದ ಮೈಮುರಿಯುತ್ತಾ ಹೊರಬಂದಿತ್ತು, ಸಂದೇಶವನ್ನು ಅಳಿಸಿಹಾಕಿದ್ದೆ. ಮೂರು ವರ್ಷದ ಹಿಂದೆ ಅಳಿಸಿದ್ದು ಇವತ್ತು ಹೇಗೆ ಹೊರಟಿತು?

ಒಂದೂವರೆಗೆ ಹೆಂಡತಿ ಬಂದಳು. ನಕ್ಷೆಯನ್ನು ಕೊನೆಯ ಸಲ ನೋಡಲು ಅರ್ಧ ದಿನ ರಜೆ ಹಾಕಿದ್ದಳು. ಸೋಫಾದ ಮೇಲೆ ಮೂರು ಹೊಸ ಬೆಕ್ಕು, ಫ್ರಿಜ್ ಮೇಲೆ ನಮ್ಮದು, ನನ್ನ ತೋಳಲ್ಲಿ ಮೊಲ. ಎಲ್ಲವನ್ನೂ ಒಮ್ಮೆ ನೋಡಿದಳು, ಏನೂ ಕೇಳಲಿಲ್ಲ. ಇಪ್ಪತ್ತೈದು ವರ್ಷದ ದಾಂಪತ್ಯದ ಫಲ ಅದು. ನೆಟ್ಟಗೆ ಕಂಪ್ಯೂಟರಿನ ಮುಂದೆ ಕೂತಳು.

"ರೀ."

ನಮ್ಮ ಭಾಷೆಯಲ್ಲಿ ಇದಕ್ಕಿಂತ ಚಿಕ್ಕ ಮಾತಿಲ್ಲ, ಇದಕ್ಕಿಂತ ದೊಡ್ಡ ಬೆದರಿಕೆಯೂ ಇಲ್ಲ!

"ಇನ್ನೂರ ಹನ್ನೆರಡು" ಎಂದಳು.

"ಏನು?"

"ವಾಲ್ವ್. ಇನ್ನೂರ ಹನ್ನೆರಡೇ ಇದೆ. ಮಿಕ್ಕಿದ್ದು ನಾಲ್ಕು ಸಾವಿರದ ನೂರ ನಾಲ್ಕು. ಎಲ್ಲಿ?"

"ಅಲ್ಲೇ ಎಲ್ಲೋ ನೆಲದ ಕೆಳಗೆ ಇರುತ್ತೆ ಕಣೇ..." ಎಂದೆ. ಅದು ಹಾಸ್ಯಕ್ಕೆ ಹೊತ್ತಾಗಿರಲಿಲ್ಲ.

ಅವಳು ಎದ್ದು, ಎಡಗಡೆಯ ಹಳೆ ಡಿಸ್ಕನ್ನು ಕೈಗೆತ್ತಿಕೊಂಡಳು. "ಇದರಲ್ಲಿರೋದೆಲ್ಲ ಮೂರು ವರ್ಷ ಹಳೇದು. ಇದು ಆಗಲೇ ಜೋಡಿ ಬಿಟ್ಟಿದೆ. ಅವತ್ತಿಂದ ಎಲ್ಲಾ ಬಲಗಡೆದ್ರಲ್ಲಿ ಮಾತ್ರ ಬರೀತಾ ಬಂದಿದೆ. ಜೋಡಿ ಬಿಟ್ರೆ ಸರ್ವರ್ ಬೀಪ್ ಬೀಪ್ ಅಂತ ಕೂಗಿ ಹೇಳ್ಬೇಕಲ್ಲ? ಹಾಂ, ಕೂಗ್ತಿತ್ತು! ನಾನು ಊರಾಚೆ ಗುಂಡಿ ಎಣಿಸ್ತಿದ್ದ ವಾರ. ನಾನು ಬರೋ ಹೊತ್ತಿಗೆ ನಿಂತಿದೆ ಅಂದ್ರಿ. ಹೇಗೆ ನಿಲ್ತು?"

"ನಿಂತ್ಕೊಳ್ತು..."

"ಹೇಗೆ?"

"ಮಧ್ಯಾಹ್ನ ನಿದ್ದೆಗೆ ತೊಂದರೆ ಆಗ್ತಿತ್ತು. ವೈರ್ ಕಿತ್ತೆ."

ಬೆಕ್ಕುಗಳು ಕೂಡ ನನ್ನತ್ತ ತಿರುಗಿ ನೋಡಿದವು.

"ಸರಿ. ನಕಲು ಮಾಡೋ ಮುಂಚೆ ಎರಡನ್ನೂ ಪಕ್ಕಪಕ್ಕ ಇಟ್ಟು ಒಂದೇ ತರ ಇದೆಯಾ ಅಂತ ನೋಡಿದ್ರಾ?"

ನಾನು ಮೊಲದ ಕಿವಿ ನೇವರಿಸಿದೆ. ಪಠ್ಯಪುಸ್ತಕದ ಮುದ್ರಣಾಲಯದಲ್ಲಿ ಕರಡು ತಿದ್ದುವುದು ನನ್ನ ಕೆಲಸ. ಎರಡು ಪ್ರತಿಗಳನ್ನು ಪಕ್ಕಪಕ್ಕ ಇಟ್ಟು ವ್ಯತ್ಯಾಸ ಹುಡುಕುವುದು! ಇಪ್ಪತ್ತಾರು ವರ್ಷದಿಂದ ಬೇರೇನನ್ನೂ ಮಾಡಿಲ್ಲ!

"ಹೋಗ್ಲಿ, ಬಲಗಡೆದು ಎಲ್ಲಿ?"

"ಮಾವ... ಕಿಟಕಿ... ಅಯಸ್ಕಾಂತ..."

ಅವಳು ಕೂಗಾಡಲಿಲ್ಲ. ಮೆಟ್ಟಿಲ ಮೇಲೆ ಕೂತುಬಿಟ್ಟಳು. ಅವಳ ಬೂಟಿನ ಅಂಚಿನಲ್ಲಿ ಒಣಗಿದ ಕೆಸರು ಅಂಟಿತ್ತು. "ಮೂರು ವರ್ಷ ರೀ" ಎಂದಳು, ಬಹಳ ಮೆಲ್ಲಗೆ. ಕೂಗಿದ್ದರೆ ತಡೆದುಕೊಳ್ಳುತ್ತಿದ್ದೆ.

"ಅದರ ಮುಚ್ಚಳ ತೆಗೆದು ಒಳಗೆ ಧೂಳು ಬಿದ್ರೆ ಮುಗೀತು" ಎಂದು ಮರುಕ್ಷಣವೇ ಎದ್ದಳು. "ಎಲ್ಲಿಗೆ ಹೋಗಿದ್ದಾರೆ ಅಪ್ಪ?"

"ಬೀಗದ ಅಂಗಡಿ!"

ಓಡಿದೆವು. ಅವಳು ಮುಂದೆ, ನಾನು ಹಿಂದೆ. ಮೊದಲ ಬೀದಿಯ ತಿರುವಿನಲ್ಲಿ ಎಲ್ಲರೂ ನನ್ನನ್ನೇ ಏಕೆ ನೋಡುತ್ತಿದ್ದಾರೆಂದು ಅರ್ಥವಾಗಲಿಲ್ಲ. ಎರಡನೆಯ ತಿರುವಿನಲ್ಲಿ ತಿಳಿಯಿತು, ಮೊಲವನ್ನು ಕೆಳಗಿಳಿಸಲು ಮರೆತಿದ್ದೆ! ಮೊಲವನ್ನು ಎತ್ತಿಕೊಂಡು ಓಡುವುದೆಂದರೆ ಎಂಥ ಅವಮಾನ ನೋಡಿ. ಇಬ್ಬರಲ್ಲಿ ವೇಗವಾಗಿ ಓಡಬಲ್ಲದ್ದು ಅದೇ. ಓಡಿದವನು ಮಾತ್ರ ನಾನು.

ಬೀಗದ ಅಂಗಡಿ ಎಂದರೆ ಗೋಡೆಯಲ್ಲಿ ಕೊರೆದ ಒಂದು ಬೀರು. ಮೂರು ಕಡೆಯೂ ತೂಗುಬಿದ್ದ ಸಾವಿರ ಬೀಗದ ಕೈ. ನನ್ನಪ್ಪನ ಬೀಗರು ಅಲ್ಲಿ ಸ್ಟೂಲಿನ ಮೇಲೆ ಕನ್ನಡಕ ಏರಿಸಿಕೊಂಡು ಕೂತಿದ್ದರು. ಮುಂದೆ ಕರವಸ್ತ್ರ ಹಾಸಿತ್ತು. ಅದರ ಮೇಲೆ ಸಾಲಾಗಿ ಒಂದು, ಎರಡು, ಮೂರು, ನಾಲ್ಕು, ಐದು, ಆರು ಸ್ಕ್ರೂ!

ಹೆಂಡತಿ ಬಾಗಿಲ ಚೌಕಟ್ಟು ಹಿಡಿದು ನಿಂತಳು.

"ಬನ್ನಿ ಬನ್ನಿ ಅಳಿಯಂದಿರೇ, ಸರಿಯಾದ ಹೊತ್ತಿಗೆ ಬಂದ್ರಿ" ಎಂದರು ಮಾವ. "ಇನ್ನೊಂದು ಸಹಿ ಬೇಕಿತ್ತು."

ಬೀಗದವನು ಅಳುವ ದನಿಯಲ್ಲಿ ನನ್ನ ಕಡೆ ತಿರುಗಿದ. "ಎರಡು ಗಂಟೆ ಹೊತ್ತಿನಿಂದ ಬಡ್ಕೋತಾ ಇದ್ದೀನಿ ಸಾರ್! ಆರು ಸ್ಕ್ರೂ ಬಿಚ್ಚಿದ್ದೀನಿ. ಏಳನೇದು ಈ ಚೀಟಿ ಕೆಳಗಿದೆ. ಉಗುರಲ್ಲಿ ಕೆರೆದ್ರೆ ಕಿತ್ತು ಬರುತ್ತೆ. ಬಿಡ್ತಾ ಇಲ್ಲ ಇವರು. ಗಿರಾಕಿಗಳೆಲ್ಲ ಬೀಗದ ಕೈಯಿಲ್ಲದೆ ಅವರವರ ಮನೆ ಹೊರಗೆ ನಿಂತಿದ್ದಾರೆ!"

ಮಾವ ಡಿಸ್ಕಿನ ಮೇಲೆ ಅಂಟಿಸಿದ್ದ ಚೀಟಿಯ ಮೇಲೆ ಬೆರಳಿಟ್ಟರು. "ಏನು ಬರೆದಿದೆ ಓದಿ. 'ಈ ಚೀಟಿಯನ್ನು ಕೀಳಬಾರದು.' ಕಿತ್ತರೆ ಗ್ಯಾರಂಟಿ ರದ್ದು."

"ಗ್ಯಾರಂಟಿ ಮುಗಿದು ನಾಲ್ಕು ವರ್ಷ ಆಯ್ತು ಅಂದೆ ಸಾರ್!"

"ಗ್ಯಾರಂಟಿಗೆ ಕೊನೇ ತಾರೀಕು ಇದೆ ಕಣಯ್ಯಾ, ಒಪ್ತೀನಿ. 'ಕೀಳಬಾರದು' ಅನ್ನೋದಕ್ಕೆ ಕೊನೇ ತಾರೀಕು ಎಲ್ಲಿ ಹಾಕಿದ್ದಾರೆ, ತೋರಿಸು." ನನ್ನ ಆದೇಶದ ಹಾಳೆಯನ್ನು ಬಿಡಿಸಿದರು. "ನಮ್ಮ ಅಳಿಯಂದಿರ ಅನುಮತಿ ಇರೋದು ಅಯಸ್ಕಾಂತ ತೆಗೆಯೋಕೆ. ಚೀಟಿ ಕೀಳೋಕೆ ಅಲ್ಲ. ಅದಕ್ಕೇ ಕಂಪನಿಗೆ ಒಂದು ಅರ್ಜಿ ಬರೆದಿದ್ದೀನಿ, ಚೀಟಿ ಕೀಳಲು ಅನುಮತಿ ಕೋರಿ. ಇಲ್ಲಿ ಒಂದು ಸಹಿ ಹಾಕಿ."

ನನ್ನ ಹೆಂಡತಿ ಅಂಗಡಿಯೊಳಗೆ ನುಗ್ಗಿ ಅವಳಪ್ಪನನ್ನು ಅಪ್ಪಿಕೊಂಡಳು. ಸಾವಿರ ಬೀಗದ ಕೈಗಳು ಗಲಗಲ ಎಂದವು.

"ಏನಾಯ್ತಮ್ಮ?" ಮಾವನಿಗೆ ಗಾಬರಿ. "ನಾನು ಏನೂ ಮಾಡಿಲ್ಲ."

"ಅದಕ್ಕೇ ಅಪ್ಪ! ಅದಕ್ಕೇ!" ಎಂದು ಕಣ್ಣೊರೆಸಿಕೊಂಡು ಡಿಸ್ಕಿಗೆ ಕೈಚಾಚಿದಳು. ಮಾವ ಅದನ್ನು ಹಿಂದಕ್ಕೆಳೆದುಕೊಂಡರು.

"ಹಾಗೆ ಕೊಡೋಕೆ ಬರಲ್ಲ. ನಿನ್ನ ಗಂಡ ಸಹಿ ಹಾಕಿದ ಆದೇಶ ಇದೆ. ರದ್ದು ಮಾಡೋದಾದ್ರೆ ಅವರೇ ಬರೆದುಕೊಡ್ಬೇಕು. ಕಾರಣ ಸಮೇತ."

ಮೊಲವನ್ನು ಕಂಕುಳಲ್ಲಿಟ್ಟುಕೊಂಡು ಬೀಗದವನ ಲೆಕ್ಕದ ಹಾಳೆಯ ಹಿಂಬದಿಯಲ್ಲಿ ಬರೆದೆ: 'ಇಂದಿನ ದಿನಾಂಕದ ಆದೇಶವನ್ನು ಈ ಮೂಲಕ ರದ್ದುಪಡಿಸಲಾಗಿದೆ. ಕಾರಣ...' ಇಲ್ಲಿ ಪೆನ್ನು ನಿಂತಿತು.

"ಆದೇಶ ಹೊರಡಿಸಿದವರ ಅವಿವೇಕ" ಎಂದಳು ಹೆಂಡತಿ. ಹಾಗೆಯೇ ಬರೆದೆ. ಮಾವ ಎರಡು ಸಲ ಓದಿ, "ಕಾರಣ ತೃಪ್ತಿಕರವಾಗಿದೆ" ಎಂದು ಡಿಸ್ಕ್ ಒಪ್ಪಿಸಿದರು.

ಬೀಗದವನು ಆರು ಸ್ಕ್ರೂಗಳನ್ನೂ ಮರಳಿ ಬಿಗಿದುಕೊಟ್ಟ. ಹೆಂಡತಿ ಮನೆಗೆ ಬಂದು, ಎರಡೂ ಹಳೆಯ ಡಿಸ್ಕುಗಳ ಸಂಖ್ಯೆಯನ್ನು ಚೀಟಿಯಿಂದ ಓದಿ ಕಾಗದದಲ್ಲಿ ಬರೆದುಕೊಂಡು, ಒಳಗಿರುವುದನ್ನು ಹೋಲಿಸಿ ನೋಡಿ, ಬಲಗಡೆಯದರಿಂದ ನಕಲು ಶುರು ಮಾಡಿದಳು. ನನಗೆ ಬೆಕ್ಕು ಹಂಚುವ ಕೆಲಸ. ಕಪ್ಪು ಮರಿಯನ್ನು ಮೇಷ್ಟರ ಬೀದಿಯಲ್ಲಿ ಅದರ ಮನೆಯವರಿಗೆ ಒಪ್ಪಿಸಿದೆ. ಬಿಳಿ ಬೆಕ್ಕಿನ ಒಡತಿ ನನ್ನನ್ನೇ ಕಳ್ಳ ಎಂದಳು. ಅಜ್ಜಿಯ ಗಡವ ಅಜ್ಜಿಯದ್ದೇ ಎಂದು ಪತ್ತೆಯಾಯಿತು, ಅವರಿಗೆ ಅದು ಸಾಕಾಗಿತ್ತಂತೆ! ಮೊಲ ಯಾರದ್ದೆಂದು ಇವತ್ತಿಗೂ ತಿಳಿದಿಲ್ಲ. ಸಂಜೆ ಐದಕ್ಕೆ ವಾಪಸ್ ಬಂದರೆ ಪರದೆಯ ಮೇಲೆ ಊರಿಗೆ ಊರೇ ನೀಲಿ ಚುಕ್ಕೆಗಳಲ್ಲಿ ಹೊಳೆಯುತ್ತಿತ್ತು. ನಾಲ್ಕು ಸಾವಿರದ ಮುನ್ನೂರ ಹದಿನಾರು. ಅವಳು ಒಂದೊಂದನ್ನೂ ಬೆರಳಿನಿಂದ ಮುಟ್ಟಿ ನೋಡುತ್ತಿದ್ದಳು. ನಾನು ಬಾಗಿಲಲ್ಲೇ ನಿಂತು ನೋಡಿ, ಸದ್ದಿಲ್ಲದೆ ಅಡುಗೆಮನೆಗೆ ಹೋಗಿ ಪಾತ್ರೆ ತೊಳೆದೆ. ತೊಳೆದಿದ್ದ ಪಾತ್ರೆಗಳನ್ನೂ ಇನ್ನೊಮ್ಮೆ ತೊಳೆದೆ.

ಶುಕ್ರವಾರ ಹತ್ತು ಗಂಟೆಗೆ ನಕ್ಷೆ ಇಲಾಖೆಗೆ ಸೇರಿತು. ಸಂಜೆ ಆರಕ್ಕೆ ಮೆಟ್ಟಿಲ ಕೆಳಗಿನ ಕಪಾಟಿನ ಅಧಿಕಾರ ಮಾವನ ಕೈ ಸೇರಿತು. ಹೆಂಡತಿಯೇ ನೇಮಿಸಿದ್ದು. ಬಾಗಿಲಿಗೆ ಹೊಸ ಬೀಗ, ಬೀಗದ ಮೇಲೆ ಒಂದು ಚೀಟಿ, ಪಕ್ಕದಲ್ಲಿ ದಾರ ಕಟ್ಟಿದ ಪೆನ್ನು ಮತ್ತು ಒಂದು ದಪ್ಪ ರಿಜಿಸ್ಟರು. ತೊಂದರೆ ಏನೆಂದರೆ, ನಾನು ಆಫೀಸಿಗೆ ಹಾಕಿಕೊಳ್ಳುವ ಶೂ ಅದೇ ಕಪಾಟಿನೊಳಗೆ ಉಳಿದುಬಿಟ್ಟಿತ್ತು.

"ಅರ್ಜಿ ಕೊಡಿ" ಎಂದರು ಮಾವ.

ಕೊಟ್ಟೆ. 'ವಿಷಯ: ಶೂ ಪಡೆಯಲು ಅನುಮತಿ ಕೋರಿ.' ಕೆಳಗೆ ಸಹಿ ಮಾಡಿ, ಸ್ವಲ್ಪ ತೂಕವಿರಲೆಂದು 'ಮನೆಯ ಯಜಮಾನ' ಎಂದು ಸೇರಿಸಿದೆ. ಮೂರು ದಿನ ಚಪ್ಪಲಿಯಲ್ಲೇ ಆಫೀಸಿಗೆ ಹೋದೆ. ನಾಲ್ಕನೆಯ ದಿನ ಅರ್ಜಿ ಕೆಂಪು ಶಾಯಿಯ ಟಿಪ್ಪಣಿಯೊಡನೆ ವಾಪಸ್ ಬಂತು: 'ಅರ್ಜಿದಾರರು ತಮ್ಮನ್ನು ಮನೆಯ ಯಜಮಾನ ಎಂದು ನಮೂದಿಸಿರುತ್ತಾರೆ. ಸದರಿ ಹೇಳಿಕೆಗೆ ಯಾವುದೇ ದಾಖಲೆ ಕಂಡುಬಂದಿರುವುದಿಲ್ಲ. ಪತ್ನಿಯವರಿಂದ ದೃಢೀಕರಿಸಿ ತರುವುದು.'

ಹೆಂಡತಿಯ ಮುಂದೆ ಹಿಡಿದೆ. ಅವಳು ಪೂರ್ತಿ ಓದಿದಳು. ನಕ್ಕಳೋ ಇಲ್ಲವೋ ಕಾಣಲಿಲ್ಲ. ಪೆನ್ನು ತೆಗೆದುಕೊಂಡು 'ಮನೆಯ ಯಜಮಾನ' ಎಂಬುದನ್ನು ನೀಟಾಗಿ ಒಂದು ಗೆರೆಯಿಂದ ಹೊಡೆದುಹಾಕಿ, ಮೇಲೆ ಏನೋ ತಿದ್ದಿ, ಸಹಿ ಮಾಡಿ ಕೊಟ್ಟಳು.

'ಮನೆಯಲ್ಲಿ ವಾಸವಾಗಿರುವವರು.'

ಐದೇ ನಿಮಿಷದಲ್ಲಿ ಶೂ ಕೈಗೆ ಬಂತು!